ಆಷಾಢದ ರಜೆ

"ಈ ಸಲ ಟೂರಿಗೆ ನಾನು ಬರಲ್ಲ" ಎಂದಳು ಅಮೂಲ್ಯಾ.

ಭಾನುವಾರ ಮಧ್ಯಾಹ್ನ ಮನೆಯವರೆಲ್ಲ ಒಟ್ಟಿಗೆ ಊಟಕ್ಕೆ ಕೂತಿದ್ದರು. ಅಪರೂಪಕ್ಕೆ ಸಿಗುವ ಇಂಥ ಊಟದಲ್ಲಿ ಯಜ್ಞನಾರಾಯಣ ನಿಧಾನವಾಗಿ, ಹುಳಿ ಎರಡೆರಡು ಸಲ ಹಾಕಿಸಿಕೊಂಡು ಉಣ್ಣುತ್ತಿದ್ದ. ಮಗಳ ಮಾತಿಗೆ ತಲೆ ಎತ್ತಿದ.

"ಯಾಕೆ?"

"ಪರೀಕ್ಷೆ ಇದೆ. ಅದರ ಮಾರ್ಕ್ಸ್ ನೋಡಿ ಎ, ಬಿ, ಸಿ ಅಂತ ಸೆಕ್ಷನ್ ಮಾಡ್ತಾರೆ. ನಾವು ರಾಮೇಶ್ವರದಲ್ಲಿರೋ ದಿನಾನೇ ಬಂದಿದೆ."

"ಜುಲೈನಲ್ಲಿ ಎಂಥ ಪರೀಕ್ಷೆಯೇ? ಈಗ ತಾನೇ ಸ್ಕೂಲು ಶುರುವಾಗಿದೆ."

"ಇದು ಹತ್ತನೇ ಕ್ಲಾಸಪ್ಪ."

"ಗೊತ್ತು ಗೊತ್ತು. ಬೀದಿಯವರಿಗೆಲ್ಲ ಗೊತ್ತು" ಎಂದು ಅಣ್ಣ ಪ್ರಣವ ನಕ್ಕ.

"ನೀನು ಸುಮ್ನಿರು. ನಿನ್ನನ್ನೇನು ಕರ್ಕೊಂಡು ಹೋಗ್ತಿಲ್ವಲ್ಲ."

ಅದು ನಿಜವಾಗಿತ್ತು. ಪ್ರಣವ ಎರಡನೇ ಪಿಯುಸಿ. ಅವನ ಕೋಚಿಂಗ್ ಕ್ಲಾಸು ತಪ್ಪಬಾರದೆಂದು, ಟೂರು ಮುಗಿಯುವವರೆಗೆ ಭದ್ರಾವತಿಯ ಅತ್ತೆ ತನುಜಾಳ ಮನೆಯಲ್ಲಿ ಬಿಡುವುದೆಂದು ಆಗಲೇ ತೀರ್ಮಾನವಾಗಿತ್ತು.

ಯಜ್ಞನಾರಾಯಣ ಶಿವಮೊಗ್ಗದಲ್ಲಿ ಮದುವೆ ಅಡುಗೆ ಮಾಡಿಸುವವನು. ಊರಿನವರಿಗೆ ಯಜ್ಞ ಭಟ್ರು. ಮಕ್ಕಳಿಗೆ ಬೇಸಿಗೆ ರಜೆ ಬರುವ ಏಪ್ರಿಲ್, ಮೇ ತಿಂಗಳಲ್ಲಿ ಅವನಿಗೆ ಉಸಿರಾಡಲೂ ಪುರುಸೊತ್ತಿರುತ್ತಿರಲಿಲ್ಲ. ಒಂದು ಛತ್ರದಿಂದ ಇನ್ನೊಂದು ಛತ್ರ. ಮನೆಗೆ ಬಂದರೆ ನಿದ್ದೆ, ಎದ್ದರೆ ಸ್ನಾನ, ಮತ್ತೆ ಛತ್ರ. ಆಷಾಢ ಬಂದ ಕೂಡಲೇ ಎಲ್ಲವೂ ನಿಂತುಬಿಡುತ್ತಿತ್ತು. ಮದುವೆಯಿಲ್ಲ, ಉಪನಯನವಿಲ್ಲ, ಗೃಹಪ್ರವೇಶವಿಲ್ಲ. ಕೊಪ್ಪರಿಗೆಗಳನ್ನು ಕವುಚಿಟ್ಟು, ತನ್ನ ಕೈಕೆಳಗಿನ ಇಬ್ಬರು ಅಡುಗೆಯವರ ಸಂಸಾರಗಳನ್ನೂ ಸೇರಿಸಿಕೊಂಡು, ಒಂದು ಟೆಂಪೊ ಮಾಡಿ ಅವನು ಟೂರು ಹೊರಡುತ್ತಿದ್ದ. ಶಾಲೆ ಶುರುವಾಗಿ ಕೆಲವೇ ವಾರ ಆಗಿರುತ್ತಿತ್ತು. ಅಮೂಲ್ಯಾ ಒಂದನೇ ತರಗತಿಯಿಂದಲೂ ಪ್ರತಿ ಆಷಾಢದಲ್ಲಿ ಶಾಲೆ ತಪ್ಪಿಸಿದ್ದಳು. ಜ್ವರ ಎಂದು ಹೇಳಿಕಳಿಸುತ್ತಿದ್ದರು. ಟೀಚರುಗಳಿಗೆ ಗೊತ್ತಿರುತ್ತಿತ್ತು, ಯಾರೂ ಏನೂ ಅನ್ನುತ್ತಿರಲಿಲ್ಲ. ಬಂದ ಮೇಲೆ ಆಲ್ಕೊಳದಲ್ಲಿರುವ ಗೆಳತಿ ಲಿಖಿತಾಳ ಮನೆಗೆ ಹೋಗಿ ನೋಟ್ಸ್ ಬರೆದುಕೊಳ್ಳುವುದು ರೂಢಿ. ಬರೆದುಕೊಂಡಿದ್ದು ತಲೆಗೆ ಹತ್ತುತ್ತಿರಲಿಲ್ಲ. ಗಣಿತದ ಮೊದಲಿನ ಪಾಠಗಳು ಯಾವ ವರ್ಷವೂ ಅವಳಿಗೆ ಸರಿಯಾಗಿ ಬಂದಿರಲಿಲ್ಲ.

ಹಾಗಾಗಿ ಈ ಬೇಸಿಗೆಯಲ್ಲಿ ಅವಳು ಹಿಂದಿನ ಎರಡು ವರ್ಷದ ಪುಸ್ತಕಗಳನ್ನು ಹಾಕಿಕೊಂಡು ಕೂತು ಓದಿದ್ದಳು. ಎ ಸೆಕ್ಷನ್‌ಗೆ ಮಾನಸ ಮೇಡಂ ಗಣಿತ ತೆಗೆದುಕೊಳ್ಳುತ್ತಾರೆ, ಸಂಜೆಯೂ ಪಾಠ ಇರುತ್ತದೆ. ಸಿ ಸೆಕ್ಷನ್ ಎಂದರೆ ಹೇಗಾದರೂ ಪಾಸಾಗಬೇಕಾದವರು. ಅಲ್ಲಿಂದ ಸೈನ್ಸ್ ತೆಗೆದುಕೊಂಡವರು ಶಾಲೆಯಲ್ಲಿ ಯಾರೂ ಇರಲಿಲ್ಲ.

"ಟೆಂಪೊಗೆ ಅಡ್ವಾನ್ಸ್ ಕೊಟ್ಟಾಗಿದೆ. ಛತ್ರ ಎಲ್ಲ ಹೇಳಾಗಿದೆ. ಉಳಿದ ಎರಡು ಮನೆಯವರೂ ಬಟ್ಟೆ ತುಂಬಿಕೊಂಡು ಕೂತಿದಾರೆ. ಈಗ ದಿನ ಬದಲಾಯಿಸು ಅಂದ್ರೆ ಆಗತ್ತೇನೇ?" ಎಂದ ಯಜ್ಞನಾರಾಯಣ.

"ದಿನ ಬದಲಾಯಿಸಬೇಡ. ನನ್ನನ್ನ ಬಿಟ್ಟು ಹೋಗು."

ಅಜ್ಜಿ ಮಜ್ಜಿಗೆಯ ಲೋಟ ಕೆಳಗಿಟ್ಟರು. "ಬಚ್ಚಲಿಗೆ, ಮೆಟ್ಟಿಲಿಗೆ ನನ್ನ ಕೈ ಹಿಡಿಯೋರು ಯಾರು ಹಾಗಾದ್ರೆ? ನಿಮ್ಮಮ್ಮಂಗೆ ಬೆನ್ನು ನೋವು. ನಿಮ್ಮಪ್ಪನಂತೂ ಟೆಂಪೊ ಹತ್ತಿದ್ರೆ ನಾಯಕನ ಹಾಗೆ ಮುಂದಿನ ಸೀಟಲ್ಲಿ ಕೂರ್ತಾನೆ."

"ಪ್ರಣವನ್ನ ಕರ್ಕೊಂಡು ಹೋಗಿ, ಅವನು ಹಿಡೀಲಿ."

"ಗಂಡು ಹುಡುಗ ಬಚ್ಚಲಿಗೆ ಬರ್ತಾನೇನೇ, ಮಾರಾಯ್ತಿ?"

ಭವಾನಿ ಇಷ್ಟು ಹೊತ್ತೂ ಬಡಿಸುತ್ತಲೇ ಇದ್ದಳು. "ಊಟ ಮಾಡಿ ಮೊದಲು" ಎಂದಳು, ಯಾರಿಗೆ ಎಂದು ಹೇಳದೆ.

*

ಪ್ರಣವನ ಬಟ್ಟೆಬರೆ ಬಿಟ್ಟುಬರಲು ಎಲ್ಲರೂ ಭದ್ರಾವತಿಗೆ ಹೋದ ದಿನ ತನುಜಾ ಅಕ್ಕಿರೊಟ್ಟಿ ಮಾಡಿದ್ದಳು. ಜನ್ನಾಪುರ ಬಡಾವಣೆಯ ಆ ಮನೆಯ ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಯಂತ್ರ, ಸುತ್ತ ಬೇರೆಯವರ ರವಿಕೆಗಳ ಗಂಟು. ಗಂಡ ಲೇಥ್ ವರ್ಕ್‌ಶಾಪಿಗೆ ಹೋಗಿದ್ದ.

ಅಮೂಲ್ಯಾ ಅತ್ತೆಯ ಹಿಂದೆ ಹಿಂದೆಯೇ ಅಡುಗೆಮನೆಗೆ ಹೋಗಿ ಎಲ್ಲ ಹೇಳಿಕೊಂಡಳು. ತನುಜಾ ರೊಟ್ಟಿ ಮಗುಚುವ ಸಟ್ಟುಗ ಹಿಡಿದುಕೊಂಡೇ ಹೊರಗೆ ಬಂದಳು.

"ಅಣ್ಣ, ಇವಳನ್ನೂ ಇಲ್ಲೇ ಬಿಡು."

"ಶುರು ಮಾಡಿದ್ಲಾ ನಿನ್ನ ಹತ್ರಾನೂ?"

"ಪ್ರಣವ ಇಲ್ಲಿಂದ ದಿನಾ ಬಸ್ಸಲ್ಲಿ ಶಿವಮೊಗ್ಗಕ್ಕೆ ಹೋಗ್ತಾನೆ ತಾನೇ? ಅದೇ ಬಸ್ಸಲ್ಲಿ ಇವಳೂ ಹೋಗ್ಲಿ. ಒಟ್ಟಿಗೆ ಹೋಗ್ತಾರೆ, ಒಟ್ಟಿಗೆ ಬರ್ತಾರೆ."

"ಅವನ ಕ್ಲಾಸು ಬೆಳಿಗ್ಗೆ ಆರಕ್ಕೆ. ಇವಳದು ಒಂಬತ್ತೂವರೆಗೆ."

"ಹಾಗಾದ್ರೆ ಬೇರೆ ಬೇರೆ ಹೋಗ್ಲಿ. ಬಸ್ಸೇನು ವರ್ಷಕ್ಕೊಂದಾ?"

"ಹೆಣ್ಣುಮಗು, ಆ ರಶ್‌ನಲ್ಲಿ..."

"ನಾನು ಕಾಲೇಜಿಗೆ ಅದೇ ರಶ್‌ನಲ್ಲಿ ಹೋಗಿದ್ದು. ನೀನೇ ಪಾಸ್ ಮಾಡಿಸಿಕೊಟ್ಟಿದ್ದು. ಮರೆತುಹೋಯ್ತಾ?" ತನುಜಾ ರೊಟ್ಟಿ ತಂದು ಅಣ್ಣನ ತಟ್ಟೆಗೆ ಹಾಕಿದಳು. "ನಿಜ ಹೇಳು. ಅಮ್ಮನ್ನ ನೋಡಿಕೊಳ್ಳೋಕೆ ಒಂದು ಆಳು ಬೇಕು ನಿನಗೆ."

"ಏ ತನುಜಾ!" ಎಂದರು ಅಜ್ಜಿ. "ನಾನು ಯಾರಿಗೂ ಭಾರ ಆಗಿಲ್ಲ. ಬೇಕಾದ್ರೆ ನಾನೇ ಉಳೀತೀನಿ, ನೀವು ಹೋಗಿ."

"ನೋಡು, ಅಮ್ಮನ ಕಣ್ಣಲ್ಲಿ ನೀರು ತರಿಸಿದೆ. ಸಮಾಧಾನ ಆಯ್ತಾ?" ಯಜ್ಞನಾರಾಯಣ ತಟ್ಟೆ ಸರಿಸಿದ. "ವರ್ಷವಿಡೀ ಕಂಡವರ ಮಕ್ಕಳ ಮದುವೇಲಿ ಬೇಯ್ತೀನಿ. ನನ್ನ ಮಕ್ಕಳ ಮುಖ ನೋಡೋಕೆ ನನಗಿರೋದು ಈ ಹತ್ತು ಹನ್ನೆರಡು ದಿನ. ಅದರಲ್ಲಿ ಒಬ್ಬ ಈಗಲೇ ತಪ್ಪಿಸಿಕೊಂಡ. ಇವಳನ್ನೂ ಬಿಟ್ಟು ಹೋಗು ಅಂತೀಯ. ನಾನು ಯಾರ ಜೊತೆ ಹೋಗಲಿ? ಡ್ರೈವರ್ ಜೊತೆನಾ?"

ಅವನ ದನಿ ನಿಜವಾಗಿಯೂ ಒಡೆದಿತ್ತು. ತನುಜಾ ಅಡುಗೆಮನೆಗೆ ಹೋದಳು. ಭವಾನಿ, "ಚಟ್ನಿ ಹಾಕ್ಲಾ?" ಎಂದು ಗಂಡನನ್ನು ಕೇಳಿದಳು.

ವಾಪಸು ಬರುವಾಗ ಅವನು ಮಗಳ ಹೆಗಲ ಮೇಲೆ ಕೈಯಿಟ್ಟ. "ಪರೀಕ್ಷೆ ವಿಷಯ ನನಗೆ ಬಿಡು. ನಾನು ಹೆಡ್ ಮೇಡಂ ಹತ್ರ ಮಾತಾಡ್ತೀನಿ."

*

ಯಜ್ಞನಾರಾಯಣನ ಕಸುಬಿನಲ್ಲಿ ಕಾಗದ ಪತ್ರ ಇರಲಿಲ್ಲ. ಮದುವೆ ಮನೆಯವರು ತಟ್ಟೆಯಲ್ಲಿ ತೆಂಗಿನಕಾಯಿ, ತಾಂಬೂಲ ಇಟ್ಟು ಕೊಡುತ್ತಾರೆ. ಅಡುಗೆಯವನು ತೆಗೆದುಕೊಂಡರೆ ಆ ದಿನ ಅವರದು. ಆಮೇಲೆ ಎಷ್ಟು ದೊಡ್ಡವರು ಬಂದು ಕೇಳಿದರೂ ಅದು ಬದಲಾಗುವುದಿಲ್ಲ. ತಾಂಬೂಲ ಹಿಡಿದು ಮಾತು ತಪ್ಪಿದ ಎಂದು ಅವನನ್ನು ಈವರೆಗೆ ಯಾರೂ ಅಂದಿರಲಿಲ್ಲ.

ಆಷಾಢದ ಮೊದಲ ಶುಕ್ರವಾರ ಬೆಳಿಗ್ಗೆ ಅವನು ಭವಾನಿಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೆಡ್ ಮೇಡಂ ಮನೆಗೆ ಹೋದ. ಭವಾನಿಯ ಮಡಿಲಲ್ಲಿ ಒಂದು ಡಬ್ಬ ಚಿರೋಟಿ, ಚೀಲದಲ್ಲಿ ಕಾಯಿ, ವೀಳ್ಯದೆಲೆ, ಅಡಿಕೆ, ರವಿಕೆ ಬಟ್ಟೆ.

ಮೇಡಂ ಶಾಲೆಗೆ ಹೊರಡುವ ಆತುರದಲ್ಲಿದ್ದರು. ಆದರೂ ಕೂರಿಸಿ ಕಾಫಿ ಕೊಟ್ಟರು. ಯಜ್ಞನಾರಾಯಣ ವಿಷಯ ಹೇಳಿದ. ಟೆಂಪೊ, ವಯಸ್ಸಾದ ತಾಯಿ, ಆಷಾಢ ಬಿಟ್ಟರೆ ಬೇರೆ ದಿನವಿಲ್ಲ.

"ನಿಯಮ ಅಂತ ಒಂದಿದೆಯಲ್ಲ ಭಟ್ರೇ. ಒಬ್ಬರಿಗೆ ಅಂದ್ರೆ ಎಲ್ಲರೂ ಕೇಳ್ತಾರೆ."

"ನಮ್ಮ ಹುಡುಗಿ ಓದೋ ಹುಡುಗಿ ಮೇಡಂ. ಬಂದ ಮೇಲೆ ಒಂದು ಪೇಪರ್ ಕೊಟ್ಟುಬಿಡಿ. ಬರೀತಾಳೆ."

"ನೋಡೋಣ. ಈಗ ಏನೂ ಹೇಳೋಕಾಗಲ್ಲ."

ಭವಾನಿ ಎದ್ದು ಮೇಡಂ ಹಣೆಗೆ ಕುಂಕುಮ ಇಟ್ಟು ತಾಂಬೂಲ ಕೊಟ್ಟಳು. ಮೇಡಂ ಸೆರಗೊಡ್ಡಿ ತೆಗೆದುಕೊಂಡರು. ಚಿರೋಟಿ ಡಬ್ಬವನ್ನೂ, "ಅಯ್ಯೋ, ಇದೆಲ್ಲ ಯಾಕೆ" ಎನ್ನುತ್ತಲೇ ಒಳಗಿಟ್ಟರು.

ಸ್ಕೂಟರ್ ಹತ್ತುವಾಗ ಯಜ್ಞನಾರಾಯಣ ಶಿಳ್ಳೆ ಹಾಕುತ್ತಿದ್ದ.

"ಅವರು ಬಾಯಿ ಬಿಟ್ಟು ಹೂಂ ಅನ್ನಲಿಲ್ಲವಲ್ರೀ" ಎಂದಳು ಭವಾನಿ.

"ತಾಂಬೂಲ ತಗೊಂಡಾಯ್ತಲ್ಲ. ಇನ್ನು ಬಾಯಲ್ಲಿ ಏನೇ ಹೇಳೋದು?"

"ಅದು ನಿಮ್ಮ ಮದುವೆ ಮನೇಲಿ."

"ಎಲ್ಲ ಕಡೇನೂ ಅಷ್ಟೆ. ಆಗಲ್ಲ ಅನ್ನೋರು ಕೈ ಒಡ್ಡಲ್ಲ."

ಮನೆಯಲ್ಲಿ ಅಮೂಲ್ಯಾ ಬಾಗಿಲಲ್ಲೇ ಕಾಯುತ್ತಿದ್ದಳು. "ಮಾತಾಗಿದೆ. ಬಂದ ಮೇಲೆ ನಿನಗೊಬ್ಬಳಿಗೇ ಪೇಪರ್ ಕೊಡ್ತಾರೆ" ಎಂದ ಯಜ್ಞನಾರಾಯಣ.

"ಮೇಡಂ ಹಾಗೆ ಹೇಳಿದ್ರಾ?"

"ಹೇಳಿದ ಹಾಗೇ."

ಅವಳು ತಾಯಿಯ ಕಡೆ ತಿರುಗಿದಳು. "ಅಮ್ಮ, ಹೇಳಿದ್ರಾ?"

ಭವಾನಿ ಚಪ್ಪಲಿ ಬಿಡುತ್ತಾ, "ಅಪ್ಪ ಹೇಳ್ತಿದಾರಲ್ಲ" ಎಂದಳು.

*

ಟೂರಿನಲ್ಲಿ ಯಜ್ಞನಾರಾಯಣ ಬೇರೆಯೇ ಮನುಷ್ಯ. ಹಾಡು ಹೇಳುತ್ತಿದ್ದ, ಉಳಿದ ಮಕ್ಕಳನ್ನೆಲ್ಲ ನಗಿಸುತ್ತಿದ್ದ, ಕೊಡೈಕೆನಾಲಿನ ಚಳಿಯಲ್ಲಿ ತಾಯಿಗೆ ತನ್ನ ಸ್ವೆಟರನ್ನೇ ಹಾಕಿದ. ಆದರೆ ಹೋಟೆಲಿನಲ್ಲಿ ಮಾತ್ರ ತಿನ್ನುತ್ತಿರಲಿಲ್ಲ. "ಆ ಎಣ್ಣೆ ಎಷ್ಟನೇ ಸಲ ಕಾದಿದ್ದು ಅಂತ ಮೂಸಿದ್ರೇ ಗೊತ್ತಾಗತ್ತೆ ನನಗೆ" ಎನ್ನುತ್ತಿದ್ದ. ಹಾಗಾಗಿ ಟೆಂಪೊದ ಹಿಂದೆ ಗ್ಯಾಸ್ ಒಲೆ, ಅಕ್ಕಿ, ಬೇಳೆ, ಗೊಜ್ಜಿನ ಡಬ್ಬಗಳು. ಹೋದ ಹೋದ ಛತ್ರದಲ್ಲಿ ಒಲೆ ಹೂಡಬೇಕು. ವರ್ಷವೆಲ್ಲ ಸೌಟು ಹಿಡಿದ ಗಂಡಸರು ಟೂರಿನಲ್ಲಿ ಸೌಟು ಮುಟ್ಟುವುದಿಲ್ಲ ಎಂಬುದು ಅವರೊಳಗಿನ ಕರಾರು. ಅಡುಗೆ ಹೆಂಗಸರದು. ಭವಾನಿಗೆ ಬಗ್ಗಲು ಆಗದ್ದರಿಂದ ಈಳಿಗೆ ಮಣೆ ಅಮೂಲ್ಯಾಳದು.

ಬೆಳಿಗ್ಗೆ ಅಜ್ಜಿಯನ್ನು ಬಚ್ಚಲಿಗೆ ಕರೆದುಕೊಂಡು ಹೋಗುವುದು, ಸೀರೆ ಒಗೆಯುವುದು, ತರಕಾರಿ ಹೆಚ್ಚುವುದು, ದೇವಸ್ಥಾನದ ಮೆಟ್ಟಿಲಲ್ಲಿ ಅಜ್ಜಿಯ ತೋಳು ಹಿಡಿಯುವುದು. ಮಧ್ಯೆ ಟೆಂಪೊದಲ್ಲಿ ಅವಳು ಗಣಿತದ ಪುಸ್ತಕ ತೆಗೆದರೆ, "ಕಿಟಕಿ ಆಚೆ ನೋಡೇ, ಸಮುದ್ರ ಬಂತು" ಎನ್ನುತ್ತಿದ್ದ ಯಜ್ಞನಾರಾಯಣ.

ರಾಮೇಶ್ವರದಲ್ಲಿದ್ದ ದಿನ ಸಂಜೆ ಭವಾನಿಯ ಮೊಬೈಲಿಗೆ ಲಿಖಿತಾ ಪ್ರಶ್ನೆಪತ್ರಿಕೆಯ ಫೋಟೊ ಕಳಿಸಿದಳು. "ಕಷ್ಟ ಇತ್ತು ಕಣೇ. ನೀನಿದ್ದಿದ್ರೆ ಮಾಡ್ತಿದ್ದೆ" ಎಂದು ಕೆಳಗೆ ಬರೆದಿದ್ದಳು. ಛತ್ರದ ಜಗಲಿಯಲ್ಲಿ ಕಾಯಿ ತುರಿಯಲು ಕೂತಿದ್ದ ಅಮೂಲ್ಯಾ ಅದನ್ನು ದೊಡ್ಡದು ಮಾಡಿ ನೋಡಿದಳು. ಕೈ ಒರೆಸಿಕೊಂಡು, ಸಾಮಾನು ಸುತ್ತಿದ್ದ ಕಾಗದದ ಮೇಲೆ ಒಂದೊಂದೇ ಲೆಕ್ಕ ಬಿಡಿಸುತ್ತಾ ಹೋದಳು. ಒಂದು ಬಿಟ್ಟು ಎಲ್ಲವೂ ಬಂತು.

"ಕಾಯಿ ಆಯ್ತೇನೇ?" ಎಂದು ಭವಾನಿ ಒಳಗಿನಿಂದ ಕೂಗಿದಳು.

"ಅಮ್ಮ, ನನಗೆ ಎಲ್ಲ ಬರತ್ತೆ" ಎಂದು ಅಮೂಲ್ಯಾ ಓಡಿಬಂದಳು. ಎಷ್ಟೋ ದಿನದ ಮೇಲೆ ನಗುತ್ತಿದ್ದಳು.

"ಒಳ್ಳೇದು. ಕಾಯಿ ಕೊಡು, ಪಲ್ಯ ಸೀದು ಹೋಗತ್ತೆ."

*

ವಾಪಸು ಬಂದ ಮರುದಿನ ಶಾಲೆಯ ಬೋರ್ಡಿನಲ್ಲಿ ಅವಳ ಹೆಸರು ಸಿ ಸೆಕ್ಷನ್ನಿನ ಪಟ್ಟಿಯಲ್ಲಿತ್ತು. ಪರೀಕ್ಷೆಗೆ ಬಾರದವರೆಲ್ಲ ಸಿ. ಲಿಖಿತಾ ಎ ಸೆಕ್ಷನ್ನಿನ ಪಟ್ಟಿಯಲ್ಲಿ ಕಟ್ಟಕಡೆಯವಳಾಗಿದ್ದಳು.

ಯಜ್ಞನಾರಾಯಣ ಹೆಡ್ ಮೇಡಂ ಕೋಣೆಗೆ ಹೋದಾಗ ಅಲ್ಲಿ ಇಬ್ಬರು ಟೀಚರುಗಳೂ ಇದ್ದರು.

"ಹುಡುಗಿ ಬಂದಿದಾಳೆ ಮೇಡಂ. ಪೇಪರ್ ಯಾವಾಗ ಕೊಡ್ತೀರಿ?"

"ಯಾವ ಪೇಪರ್?"

"ಅವತ್ತು ಮಾತಾಗಿತ್ತಲ್ಲ."

"ನಾನು ಆಗತ್ತೆ ಅಂದ್ನಾ ಭಟ್ರೇ?"

"ತಾಂಬೂಲ ತಗೊಂಡ್ರಲ್ಲ ಮೇಡಂ."

ಟೀಚರುಗಳಲ್ಲಿ ಒಬ್ಬರು ಬಾಯಿಗೆ ಕರ್ಚೀಫ್ ಅಡ್ಡ ಹಿಡಿದರು. ಮೇಡಂ ಮುಖ ಕೆಂಪಾಯಿತು.

"ಆಷಾಢ ಶುಕ್ರವಾರ ಮನೆ ಬಾಗಿಲಿಗೆ ಬಂದ ಮುತ್ತೈದೆ ಕುಂಕುಮ ಕೊಟ್ರೆ ಬೇಡ ಅನ್ನೋಕಾಗತ್ತಾ? ಅದಕ್ಕೂ ಪರೀಕ್ಷೆಗೂ ಏನು ಸಂಬಂಧ? ಚಿರೋಟಿಗೆ ಸೆಕ್ಷನ್ ಕೊಟ್ಟೆ ಅಂತ ಊರಲ್ಲಿ ಹೇಳಿಸ್ಬೇಕಾ ನನ್ನನ್ನ? ಪರೀಕ್ಷೆ ಇದೆ ಅಂತ ಗೊತ್ತಿದ್ದೂ ಮಗೂನ ಊರು ಸುತ್ತೋಕೆ ಕರ್ಕೊಂಡು ಹೋದವರು ನೀವು."

ಅವನು ಮನೆಗೆ ಬಂದು ಕೈಕಾಲು ತೊಳೆಯದೆ ಕೂತ. ಭವಾನಿ ನೀರು ತಂದಿಟ್ಟಳು.

"ಆಗಲ್ಲವಂತೆ."

"ನಾನು ಅವತ್ತೇ ಹೇಳಿದ್ದೆ."

"ನೀನು ಹೇಳಿದ್ದು ನನಗೆ. ಅವಳಿಗ್ಯಾಕೆ ಹೇಳಲಿಲ್ಲ? ಅವಳು ನಿನ್ನನ್ನೇ ಕೇಳಿದ್ಲಲ್ಲ."

ಕೋಣೆಯ ಬಾಗಿಲಲ್ಲಿ ಅಮೂಲ್ಯಾ ನಿಂತಿದ್ದಳು.

"ಇಬ್ಬರಿಗೂ ಗೊತ್ತಿತ್ತಾ?" ಎಂದಳು.

"ಸಿ ಸೆಕ್ಷನ್‌ಗೇನು ಪುಸ್ತಕ ಬೇರೇನಾ?" ಯಜ್ಞನಾರಾಯಣ ದನಿ ಏರಿಸಿದ. "ಓದೋರು ಎಲ್ಲಿ ಕೂತ್ರೂ ಓದ್ತಾರೆ."

"ಸಿ ಅಂದ್ರೆ ಕ್ಯಾಟರಿಂಗು" ಎಂದ ಪ್ರಣವ. ಭವಾನಿ ಅವನ ಬೆನ್ನಿಗೆ ಬಲವಾಗಿ ಗುದ್ದಿದಳು. ತಮಾಷೆಗೆ ಅಂದಿದ್ದ ಅವನ ಕಣ್ಣಲ್ಲಿ ನೀರು ಬಂತು.

ಆ ದಿನದಿಂದ ಅಮೂಲ್ಯಾ ಅಪ್ಪನ ಜೊತೆ ಮಾತು ಬಿಟ್ಟಳು. ಅಜ್ಜಿ ಬಚ್ಚಲಿಗೆ ಕರೆದರೆ ಬಂದು ಕೈ ಹಿಡಿಯುತ್ತಿದ್ದಳು, ಒಂದು ಮಾತೂ ಆಡುತ್ತಿರಲಿಲ್ಲ. "ಇದಕ್ಕಿಂತ ನಾನು ಜಾರಿ ಬಿದ್ದಿದ್ರೇ ವಾಸಿ" ಎಂದು ಅಜ್ಜಿ ಭವಾನಿಯ ಹತ್ತಿರ ಅತ್ತರು. ಶಾಲೆಯಲ್ಲಿ ಸಿ ಸೆಕ್ಷನ್ನಿನ ಮೇಷ್ಟ್ರು ಪುಸ್ತಕದಲ್ಲಿ ಪೆನ್ಸಿಲಿನಿಂದ ಗೆರೆ ಹಾಕಿಸುತ್ತಿದ್ದರು. "ಇದು ಬರಕೊಳ್ಳಿ. ಇದು ನಿಮಗೆ ಬೇಡ, ಬಿಡಿ. ಇದೂ ಬೇಡ." ಅಮೂಲ್ಯಾ ಎದ್ದು ನಿಂತು ಬಿಟ್ಟ ಲೆಕ್ಕದ ಬಗ್ಗೆ ಕೇಳಿದಳು. "ನಿನಗೊಬ್ಬಳಿಗೆ ಹೇಳ್ತಾ ಕೂತ್ರೆ ಈ ನಲವತ್ತು ಜನಾನ ಪಾಸ್ ಮಾಡಿಸೋರು ಯಾರಮ್ಮ? ಕೂತ್ಕೋ" ಎಂದರು. ಅವರು ಕೆಟ್ಟವರಲ್ಲ, ದಣಿದಿದ್ದರು.

ಲಿಖಿತಾ ಸಂಜೆ ಮನೆಗೆ ಬಂದು ಮಾನಸ ಮೇಡಂ ಮಾಡಿದ ಪಾಠ ಹೇಳಿಕೊಡಲು ನೋಡಿದಳು. ಅವಳಿಗೇ ಅರ್ಧ ಅರ್ಥವಾಗಿರುತ್ತಿರಲಿಲ್ಲ. ಎರಡು ದಿನ ಬಂದಳು. ಮೂರನೆಯ ದಿನ ಅಮೂಲ್ಯಾ, "ಬರಬೇಡ ಕಣೆ. ನೀನು ತಪ್ಪು ತಪ್ಪು ಹೇಳ್ತೀಯ" ಎಂದಳು.

*

ಶ್ರಾವಣ ಬಂತು. ಕೊಪ್ಪರಿಗೆಗಳು ಮತ್ತೆ ಒಲೆ ಏರಿದವು. ಅಮೂಲ್ಯಾಳ ಶಾಲೆಯ ಆಡಳಿತ ಮಂಡಳಿಯ ಕಾರ್ಯದರ್ಶಿ ಹೊಸ ಮನೆ ಕಟ್ಟಿಸಿದ್ದರು. ಗೃಹಪ್ರವೇಶದ ಅಡುಗೆಗೆ ಹೇಳಲು ಯಜ್ಞನಾರಾಯಣನ ಮನೆಗೇ ಬಂದರು. ತಟ್ಟೆ ಮುಂದಿಟ್ಟರು. ಅವನು ಕೈ ಚಾಚಲಿಲ್ಲ.

"ಸಾಮಾನು ನಿಮ್ಮದು. ನನ್ನ ಕೂಲಿ ಬೇಡ ಸಾರ್" ಎಂದ. "ಒಂದು ಕೆಲಸ ಆಗಬೇಕಿತ್ತು."

ಕಾರ್ಯದರ್ಶಿ ಕೇಳಿಸಿಕೊಂಡರು. "ಎ ಸೆಕ್ಷನ್‌ನಲ್ಲಿ ಜಾಗ ಇಲ್ಲ ಭಟ್ರೇ. ಒಬ್ಬರನ್ನ ಕೆಳಗೆ ಕಳಿಸಬೇಕಾಗತ್ತೆ, ಅಷ್ಟೆ. ನಾನು ಹೇಳ್ತೀನಿ ಬಿಡಿ."

ಯಾರನ್ನು ಎಂದು ಯಜ್ಞನಾರಾಯಣ ಕೇಳಲಿಲ್ಲ. ತಟ್ಟೆ ತೆಗೆದುಕೊಂಡ.

ಗೃಹಪ್ರವೇಶದ ಊಟವನ್ನು ಊರೇ ಹೊಗಳಿತು. ಅದಾದ ಸೋಮವಾರ ಸಂಜೆ ಅವನು ಜಿಲೇಬಿ ಪೊಟ್ಟಣ ಹಿಡಿದು ಬಂದು, ಮಗಳ ಕೋಣೆಯ ಬಾಗಿಲಲ್ಲಿ ನಿಂತ.

"ನಾಳೆಯಿಂದ ಎ ಸೆಕ್ಷನ್."

ಅಮೂಲ್ಯಾ ತಿರುಗಿ ನೋಡಿದಳು. ಮೂರು ವಾರದಲ್ಲಿ ಮೊದಲ ಸಲ ಮಾತಾಡಿದಳು. "ಪರೀಕ್ಷೆ ಕೊಡ್ತಾರಾ?"

"ಪರೀಕ್ಷೆ ಗಿರೀಕ್ಷೆ ಏನೂ ಬೇಡ. ಹೋಗಿ ಕೂತ್ಕೊಳ್ಳೋದು."

"ಹೇಗೆ?"

"ಹೇಗೋ ಒಂದು. ನಿನಗೆ ಬೇಕಿತ್ತು ತಾನೇ? ತಗೋ, ಬಿಸಿ ಇದೆ."

ಮರುದಿನ ಅವಳು ಎ ಸೆಕ್ಷನ್ನಿಗೆ ಹೋದಾಗ ಗೋಡೆಯ ಪಕ್ಕದ ಬೆಂಚಿನಲ್ಲಿ ಒಂದು ಜಾಗ ಖಾಲಿ ಇತ್ತು. ಡೆಸ್ಕಿನ ಮೇಲೆ ಲಿಖಿತಾಳ ಕೈಬರಹದಲ್ಲಿ ಒಂದು ಸೂತ್ರ ಇನ್ನೂ ಅಳಿಸದೆ ಉಳಿದಿತ್ತು. ಮಾನಸ ಮೇಡಂ ಹಾಜರಿ ಕರೆದರು. ಅಮೂಲ್ಯಾಳ ಹೆಸರು ಬಂದಾಗ ಒಂದು ಕ್ಷಣ ನಿಲ್ಲಿಸಿ, "ಓ, ಗೃಹಪ್ರವೇಶ" ಎಂದರು. ಹಿಂದಿನ ಬೆಂಚಿನವರು ಕಿಸಕ್ಕೆಂದರು.

ಆದರೆ ಆ ದಿನದ ಪಾಠ ಅಮೂಲ್ಯಾಳಿಗೆ ಪೂರ್ತಿ ಅರ್ಥವಾಯಿತು. ಸಂಜೆಯ ಪಾಠಕ್ಕೂ ಕೂತಳು. ಮೇಡಂ ಬೋರ್ಡಿಗೆ ಕರೆದಾಗ ಲೆಕ್ಕ ಸರಿಯಾಗಿ ಮಾಡಿದಳು. ಮೇಡಂ ಸೀಮೆಸುಣ್ಣ ವಾಪಸು ತೆಗೆದುಕೊಂಡು ಮುಂದಿನವರನ್ನು ಕರೆದರು.

*

ಲಿಖಿತಾಳ ಅಪ್ಪ ರಾಮಚಂದ್ರಪ್ಪನದು ಗಾಂಧಿ ಬಜಾರಿನಲ್ಲಿ ಬಾಳೆಎಲೆ ವ್ಯಾಪಾರ. ಎಷ್ಟೋ ವರ್ಷದಿಂದ ಯಜ್ಞನಾರಾಯಣನ ಮದುವೆಗಳಿಗೆಲ್ಲ ಎಲೆ ಅಲ್ಲಿಂದಲೇ. ಆ ವಾರ ಎಲೆ ಹೇಳಲು ಹೋದಾಗ ರಾಮಚಂದ್ರಪ್ಪ ಎಲೆಗೆ ನೀರು ಚಿಮುಕಿಸುವುದನ್ನು ನಿಲ್ಲಿಸಲಿಲ್ಲ.

"ಇನ್ಮೇಲೆ ಎಲೆ ಬೇರೆ ಕಡೆ ನೋಡ್ಕೊಳ್ಳಿ ಭಟ್ರೇ."

"ಏನು ಮಾರಾಯ, ಶ್ರಾವಣದಲ್ಲಿ ಹೀಗಂದ್ರೆ?"

"ನನ್ನ ಮಗಳು ಮನೇಲಿ ಮುಸುಕು ಹಾಕಿ ಮಲಗಿದಾಳೆ."

"ನನಗೆ ಗೊತ್ತಿರಲಿಲ್ಲ ರಾಮಚಂದ್ರಪ್ಪ. ದೇವರಾಣೆ. ಯಾರನ್ನ ತೆಗೀತಾರೆ ಅಂತ ನನಗೆ ಹೇಳಿರಲಿಲ್ಲ."

"ಕೇಳಿದ್ರಾ?"

ಯಜ್ಞನಾರಾಯಣ ಅಕ್ಕಪಕ್ಕದ ಅಂಗಡಿಗಳ ಕಡೆ ನೋಡಿದ. ರಾಮಚಂದ್ರಪ್ಪ ಮುಂದಿನ ಗಿರಾಕಿಯ ಕಡೆ ತಿರುಗಿದ.

ಮಾರನೆಯ ಸಂಜೆ ಲಿಖಿತಾಳ ತಾಯಿ ಲಿಂಗಮ್ಮ ವಿದ್ಯಾನಗರದ ಯಜ್ಞನಾರಾಯಣನ ಮನೆಗೆ ಬಂದಳು. ಭವಾನಿ ಒಳಗೆ ಕರೆದಳು. ಲಿಂಗಮ್ಮ ಕುರ್ಚಿಯ ತುದಿಯಲ್ಲಿ ಕೂತಳು. ಯಜ್ಞನಾರಾಯಣ ಮನೆಯಲ್ಲೇ ಇದ್ದ. ಪೇಪರ್ ಮುಖಕ್ಕೆ ಅಡ್ಡ ಹಿಡಿದುಕೊಂಡ.

"ಜಗಳಕ್ಕೆ ಬಂದಿಲ್ಲ ಭವಾನಮ್ಮ" ಎಂದಳು ಲಿಂಗಮ್ಮ. "ಜಗಳ ಮಾಡಿ ನಮ್ಮೋರಿಗೆ ಅಭ್ಯಾಸ, ನನಗಿಲ್ಲ. ಹುಡುಗಿ ಸ್ಕೂಲಿಗೆ ಹೋಗಲ್ಲ ಅಂತ ಹಟ ಹಿಡಿದಿದಾಳೆ. ಹೋಗಿ ಬಿ ಸೆಕ್ಷನ್‌ನಲ್ಲಿ ಕೂರು ಅಂದ್ರೆ, ಎಲ್ರೂ ನೋಡ್ತಾರೆ ಅಂತಾಳೆ. ಜೂನ್‌ನಲ್ಲಿ ನನ್ನ ತಮ್ಮನ ಮದುವೆ. ತಾಳಿ ಕಟ್ಟಿದ್ದು ನೋಡಿ, ಊಟಕ್ಕೂ ನಿಲ್ಲದೆ ಸ್ಕೂಲಿಗೆ ಓಡಿದ ಹುಡುಗಿ ಅದು."

"ನಮ್ಮ ಕಡೆಯಿಂದ ತಪ್ಪಾಗಿದೆ ಲಿಂಗಮ್ಮ" ಎಂದಳು ಭವಾನಿ. "ಏನು ಮಾಡಬೇಕು ಹೇಳಿ."

ಲಿಂಗಮ್ಮ ಬಾಗಿಲ ಹತ್ತಿರ ನಿಂತಿದ್ದ ಅಮೂಲ್ಯಾಳನ್ನು ನೋಡಿದಳು.

"ನೀನು ಹೇಳು ಮಗ. ದೊಡ್ಡೋರು ಹೇಳಿದ್ರೆ ಅವರು ಕೇಳಲ್ಲ. ನನಗೆ ಹೀಗೆ ಬಂದ ಜಾಗ ಬೇಡ ಅಂತ ನೀನೇ ಹೋಗಿ ಮೇಡಂಗೆ ಹೇಳಿದ್ರೆ ಕೇಳ್ತಾರೆ. ನೀನು ಜಾಣೆ. ಎಲ್ಲಿದ್ರೂ ಓದ್ತೀಯ. ನಮ್ಮದು ಹಾಗಲ್ಲ. ಹೇಳಿಕೊಡೋರು ಬೇಕು."

ಎಲ್ಲರೂ ಅಮೂಲ್ಯಾಳ ಕಡೆ ನೋಡಿದರು. ಅವಳು ಬಾಗಿಲಿನ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತಿದ್ದಳು.

"ನಾನು ಪರೀಕ್ಷೆ ಬರೆದಿದ್ರೆ ನನಗೆ ಬರ್ತಿತ್ತು ಆಂಟಿ. ಒಂದು ಬಿಟ್ಟು ಎಲ್ಲ ಮಾಡಿದ್ದೆ. ಅಮ್ಮನ್ನ ಕೇಳಿ."

"ಬರ್ತಿತ್ತು ಮಗ. ಇಲ್ಲ ಅನ್ನಲ್ಲ. ಆದ್ರೆ ಬರೆದಿದ್ದು ಲಿಖಿತಾ."

"ಬರೀದೇ ಇದ್ದಿದ್ದು ನನ್ನ ತಪ್ಪಾ?"

"ಅಲ್ಲ."

"ಮತ್ತೆ ನಾನ್ಯಾಕೆ ಬಿಡಬೇಕು?" ಅವಳು ಕೆರೆಯುವುದನ್ನು ನಿಲ್ಲಿಸಿದಳು. "ನಾನು ಬಿಡಲ್ಲ."

ಲಿಂಗಮ್ಮ ಬೈಯಲಿಲ್ಲ. "ಆಯ್ತು, ಓದ್ಕೋ" ಎಂದು ಎದ್ದಳು. ಭವಾನಿ ಗೇಟಿನವರೆಗೂ ಹಿಂದೆಯೇ ಹೋದಳು. ಏನೇನೋ ಹೇಳುತ್ತಿದ್ದಳು. ಲಿಂಗಮ್ಮ ತಿರುಗಿ ನೋಡಲಿಲ್ಲ.

ಯಜ್ಞನಾರಾಯಣ ಪೇಪರ್ ಮಡಚಿಟ್ಟ. "ಸರಿಯಾಗೇ ಹೇಳಿದೆ ಬಿಡು" ಎಂದ. ಅವನ ಮುಖದಲ್ಲಿ ಎಷ್ಟೋ ವಾರಗಳ ಮೇಲೆ ಸ್ವಲ್ಪ ನಿರಾಳ ಕಾಣುತ್ತಿತ್ತು. "ನಮ್ಮದನ್ನ ನಾವು ಯಾಕೆ ಬಿಡೋದು? ಈಗಲಾದ್ರೂ ಅಪ್ಪ ಏನು ಮಾಡಿದ ಅಂತ ಅರ್ಥ ಆಯ್ತಲ್ಲ."

"ಹೂಂ, ಆಯ್ತು" ಎಂದಳು ಅಮೂಲ್ಯಾ.

ಭವಾನಿ ಒಳಗೆ ಬಂದವಳು ಇಬ್ಬರನ್ನೂ ನೋಡಿದಳು. "ಅಪ್ಪನ ಮಗಳು" ಎಂದಷ್ಟೇ ಹೇಳಿ ಅಡುಗೆಮನೆಗೆ ಹೋದಳು.

ಊಟಕ್ಕೆ ತಟ್ಟೆ ಹಾಕಿದರು. ಭವಾನಿ ಅತ್ತೆಗೆ ಬಡಿಸಿದಳು. ಗಂಡನಿಗೆ ಬಡಿಸಿದಳು, ಪ್ರಣವನಿಗೆ ಬಡಿಸಿದಳು. ಅಮೂಲ್ಯಾಳ ಮುಂದೆ ಬಂದಾಗ ಬಡಿಸಲಿಲ್ಲ. ಅನ್ನದ ಪಾತ್ರೆಯನ್ನು ಅವಳ ಪಕ್ಕದಲ್ಲಿಟ್ಟು ತನ್ನ ಜಾಗಕ್ಕೆ ಹೋಗಿ ಕೂತಳು.

ಪ್ರಣವ ತಂಗಿಯ ಮುಖ ನೋಡಿದ. ಅಜ್ಜಿ, "ಯಾಕೇ ಭವಾನಿ, ಮಗೂಗೆ?" ಎಂದರು.

ಅಮೂಲ್ಯಾ ಪಾತ್ರೆಯನ್ನು ಹತ್ತಿರಕ್ಕೆಳೆದುಕೊಂಡು ತಾನೇ ಬಡಿಸಿಕೊಂಡಳು. ಸಂಜೆಯ ಪಾಠ ಮುಗಿಸಿ ಬಂದಿದ್ದ ಅವಳಿಗೆ ತುಂಬಾ ಹಸಿವಾಗಿತ್ತು. ತಲೆ ಎತ್ತದೆ, ಹೊಟ್ಟೆ ತುಂಬ ಉಂಡಳು.